ನಾಲ್ಕು ಗಂಟೆಯ ಬೈಗುಳ

"ಹನ್ನೊಂದು ದಿನ ಆಯ್ತು ಮೇಷ್ಟ್ರೇ! ನನ್ನನ್ನ ಬೈಯೋಕೆ ನೀವು ಯಾಕೆ ಬರ್ತಿಲ್ಲ?"

ಚರ್ಚಿನ ಮೆಟ್ಟಿಲ ಮುಂದೆ, ಒಂಬತ್ತು ಮಂದಿ ಪ್ರವಾಸಿಗರ ಎದುರಿಗೇ ಒರ್ನೆಲ್ಲಾ ಲ್ಯಾಪೊನ ಅಂಗಿಯ ತೋಳು ಹಿಡಿದುಕೊಂಡಳು. ಅಂಗಡಿಯಿಂದ ಇದ್ದಹಾಗೇ ಓಡಿ ಬಂದಿದ್ದಳು. ಏಪ್ರನ್ನಿನ ಮೇಲೆ ನೀಲಿ, ಗುಲಾಬಿ ಕಲೆಗಳು. ಲ್ಯಾಪೊ ಮೇಷ್ಟ್ರೇನೂ ಅಲ್ಲ. ಫ್ಲಾರೆನ್ಸಿನ ಓಣಿಗಳಲ್ಲಿ ಪ್ರವಾಸಿಗರನ್ನು ಕಟ್ಟಿಕೊಂಡು ನಡೆದು, ನಾಲ್ಕು ಒಳ್ಳೆಯ ಅಂಗಡಿಗಳಲ್ಲಿ ಜೆಲಾಟೊ ಎಂಬ ಇಟಲಿಯ ಐಸ್‌ಕ್ರೀಮಿನ ರುಚಿ ತೋರಿಸುವುದು ಅವನ ಕಸುಬು. ಬಾಯಿ ತೆರೆದರೆ ಪಾಠವೇ ಬರುತ್ತಿದ್ದುದರಿಂದ ಆ ಹೆಸರು ಬಿದ್ದಿತ್ತು.

ಐದನೆಯದು ಒರ್ನೆಲ್ಲಾಳ ಅಂಗಡಿ. ಅಲ್ಲಿ ರುಚಿ ನೋಡುವಂತಿರಲಿಲ್ಲ. ಎದುರು ಬದಿಯಲ್ಲಿ ನಿಂತು ನೋಡಬೇಕಷ್ಟೆ. "ಕಣ್ತುಂಬ ನೋಡಿ, ಬಾಯಿಗೆ ಮಾತ್ರ ಹಾಕ್ಬೇಡಿ" ಎಂದು ಲ್ಯಾಪೊ ಶುರುಮಾಡುತ್ತಿದ್ದ. "ಹೀಗೆ ಗುಡ್ಡದ ಹಾಗೆ ನಿಂತಿದೆ ಅಂದ್ರೆ ಒಳಗೆ ಬರೀ ಗಾಳಿ. ಗಿಳಿ ಹಸಿರಿನ ಪಿಸ್ತಾ ಯಾವ ಮರದಲ್ಲಿ ಬಿಡುತ್ತೆ? ಬಾಳೆಹಣ್ಣು ಅರೆದ್ರೆ ಬೂದಿ ಬಣ್ಣ ಬರ್ಬೇಕು, ಇದು ನೋಡಿ, ಮೊಟ್ಟೆಯ ಹಳದಿ! ಆ ನೀಲಿ ಯಾವ ಹಣ್ಣು ಅಂತ ದೇವರಿಗೂ ಗೊತ್ತಿಲ್ಲ." ನಾಲ್ಕು ವರ್ಷ, ದಿನಾ ನಾಲ್ಕು ಗಂಟೆಗೆ ಇದೇ ಪಾಠ. ಒರ್ನೆಲ್ಲಾ ಬಾಗಿಲಿಗೆ ಬಂದು ಅವನ ಏಳು ತಲೆಮಾರನ್ನೂ ಬೀದಿಗೆಳೆಯುತ್ತಿದ್ದಳು.

ಆದರೆ ಈಚೆಗೊಂದು ಸಂಜೆ ಲ್ಯಾಪೊ ಅದೇ ಓಣಿಯಲ್ಲಿ ಮನೆಗೆ ಹೋಗುತ್ತಿದ್ದ. ಮಧ್ಯಾಹ್ನ ಅವನ ಮಾತಿಗೆಲ್ಲ ತಲೆದೂಗಿದ್ದ ಬೆಲ್ಜಿಯಮ್ಮಿನ ನಿವೃತ್ತ ನ್ಯಾಯಾಧೀಶರು ಅವಳ ಅಂಗಡಿಯ ಮುಂದೆ ನಿಂತು ನೀಲಿ ಜೆಲಾಟೊ ನೆಕ್ಕುತ್ತಿದ್ದರು. ಇವನನ್ನು ಕಂಡದ್ದೇ ಕೋನನ್ನು ಬೆನ್ನ ಹಿಂದೆ ಬಚ್ಚಿಟ್ಟರು. ತುಟಿಯನ್ನು ಬಚ್ಚಿಡಲಾಗಲಿಲ್ಲ. ಅವರ ಹಿಂದೆ ಸರದಿಯಲ್ಲಿ ಇನ್ನೂ ಐದು ಮಂದಿ, ಎಲ್ಲರೂ ಇವನ ಗುಂಪಿನವರೇ. ಮರುದಿನದಿಂದ ಲ್ಯಾಪೊ ದಾರಿ ಬದಲಿಸಿದ.

"ನಾನು ಬೈದಷ್ಟೂ ನಿನ್ನ ವ್ಯಾಪಾರ ಜೋರಾಗುತ್ತೆ. ಇನ್ನು ನಾನ್ಯಾಕೆ ಬೈಲಿ?" ಎಂದ, ತೋಳು ಬಿಡಿಸಿಕೊಳ್ಳುತ್ತ.

"ನಾನು ಬದುಕಬೇಕಲ್ಲ, ಅದಕ್ಕೆ! ಅಂಗಡಿಗೆ ನೊಣ ಕೂಡ ಬರ್ತಿಲ್ಲ. ಹೀಗೇ ಆದ್ರೆ ಬೇಸಿಗೆ ಮುಗಿಯೋದ್ರೊಳಗೆ ಬಾಗಿಲು ಹಾಕ್ಬೇಕು."

ಇಟಾಲಿಯನ್ ಅಲ್ಪಸ್ವಲ್ಪ ಬಲ್ಲ ಡೆನ್ಮಾರ್ಕಿನ ದಂತವೈದ್ಯೆಯೊಬ್ಬಳು ಇದನ್ನೆಲ್ಲ ಉಳಿದವರಿಗೆ ಬಿಡಿಸಿ ಹೇಳುತ್ತಿದ್ದಳು. ಎಲ್ಲರೂ ಹತ್ತಿರ ಸರಿದರು. "ಅಲ್ಲಾ, ಅದನ್ನ ನೀವು ಒಂದ್ಸಲನಾದ್ರೂ ತಿಂದಿದ್ದೀರಾ?" ಎಂದು ಅವಳೇ ಲ್ಯಾಪೊನನ್ನು ಕೇಳಿದಳು.

ತಿಂದಿರಲಿಲ್ಲ. ಆ ಪ್ರಶ್ನೆ ಕಲ್ಲಿನ ಚೂರಿನಂತೆ ಅವನ ಬೂಟಿನೊಳಗೆ ಸೇರಿಕೊಂಡಿತು. ಗುಂಪನ್ನು ಬೀಳ್ಕೊಟ್ಟವನೇ ನೆಟ್ಟಗೆ ಒರ್ನೆಲ್ಲಾಳ ಅಂಗಡಿಗೆ ಹೋಗಿ, ನೀಲಿಯದನ್ನು ಒಂದು ಚಮಚ ಬಾಯಿಗಿಟ್ಟ.

"ಹೇಗಿದೆ?"

"ಥೂ. ಸೋಪು ತಿಂದ ಹಾಗಿದೆ."

"ನಂಗೊತ್ತು. ನಾನೂ ತಿನ್ನಲ್ಲ."

ಒರ್ನೆಲ್ಲಾ ಬಗ್ಗಿ, ಕೆಳಗಿನಿಂದ ಮುಚ್ಚಳವಿದ್ದ ಸ್ಟೀಲ್ ಡಬ್ಬಿಯೊಂದನ್ನು ತೆಗೆದಳು. ಒಳಗೆ ಇಲಿಯ ಬಣ್ಣದ ಪಿಸ್ತಾ ಜೆಲಾಟೊ. ತಾನೇ ಹುರಿದು ತಾನೇ ಅರೆದದ್ದು. ಲ್ಯಾಪೊ ಒಂದು ಚಮಚ ತಿಂದ. ಇನ್ನೊಂದು ತಿಂದ. ಬರೀ ಚಮಚವನ್ನೂ ನೆಕ್ಕಿದ. ಆಮೇಲೆ ಅವನಿಗೆ ನಿಜವಾದ ಕೋಪ ಬಂತು.

"ಇದನ್ನ ಯಾಕೆ ಬಚ್ಚಿಟ್ಟಿದ್ದೀಯ?"

"ಬಚ್ಚಿಟ್ನಾ? ನೀವು ಈ ಓಣಿಗೆ ಬರೋಕೆ ಮೊದಲು ಎರಡು ವರ್ಷ ಮುಂದೇನೇ ಇಟ್ಟಿದ್ದೆ. ಬಣ್ಣ ನೋಡಿ ಮುಖ ತಿರುಗಿಸ್ಕೊಂಡು ಹೋಗ್ತಿದ್ರು. ಈಗ ನಂಗೆ, ನಮ್ಮಮ್ಮಂಗೆ ಅಂತ ಒಂದು ಡಬ್ಬಿ ಮಾಡ್ಕೋತೀನಿ, ಅಷ್ಟೆ."

"ನಾಳೆಯಿಂದ ಎಲ್ಲರನ್ನೂ ಒಳಗೇ ಕರ್ಕೊಂಡು ಬರ್ತೀನಿ. ಊರಿಗೆಲ್ಲ ಕೇಳೋ ಹಾಗೆ ಹೊಗಳ್ತೀನಿ."

"ಅಯ್ಯೋ, ಆ ಕೆಲಸ ಮಾತ್ರ ಮಾಡ್ಬೇಡಿ!" ಒರ್ನೆಲ್ಲಾ ಎರಡೂ ಕೈ ಜೋಡಿಸಿದಳು. "ನೀವು ಹೊಗಳಿದ ಕಡೆ ಜನ ಬಿಟ್ಟಿ ಚಮಚ ನೆಕ್ಕಿ, ತಲೆದೂಗಿ ಹೋಗ್ತಾರೆ. ಬೈದ ಕಡೆಗೆ ಹೆಂಡ್ತಿ ಮಕ್ಕಳನ್ನ ಕರ್ಕೊಂಡು ವಾಪಸ್ ಬರ್ತಾರೆ. ನೀವು ಬೈಯಿರಿ. ಸಂಜೆ ಬನ್ನಿ, ಇದರಲ್ಲಿ ಒಂದು ಬಟ್ಟಲು ನಿಮ್ಮದು."

"ಅದು ಲಂಚ."

"ಹೊಗಳೋಕೆ ಕೊಟ್ರೆ ಲಂಚ ಮೇಷ್ಟ್ರೇ. ಬೈಯೋಕೆ ಕೊಟ್ರೆ ಕೂಲಿ."

ಮರುದಿನ ನಾಲ್ಕಕ್ಕೆ ಲ್ಯಾಪೊ ಹಳೆಯ ಜಾಗದಲ್ಲಿ ನಿಂತ. ಹದಿಮೂರು ಮಂದಿಯ ಗುಂಪು. ಗಾಳಿ, ಗಿಳಿ, ಮೊಟ್ಟೆ ಎಲ್ಲ ಆಯಿತು. ಒರ್ನೆಲ್ಲಾ ಈ ಸಲ ತಿರುಗಿ ಬೈಯಲಿಲ್ಲ. ನಾಚಿಕೆಯಿಂದ ಕುಸಿದವಳ ಹಾಗೆ ಬಾಗಿಲಿಗೊರಗಿ, ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಪಾಠ ಮುಗಿಯುವ ಹೊತ್ತಿಗೆ ಲ್ಯಾಪೊನಿಗೆ ಇಲಿ ಬಣ್ಣದ ಆ ರುಚಿ ನೆನಪಾಯಿತು. ಅದರ ಹಿಂದೆಯೇ ಒಂದು ಕಿಡಿಗೇಡಿ ಯೋಚನೆಯೂ ಬಂತು. ದನಿ ತಗ್ಗಿಸಿದ.

"ಇನ್ನೊಂದು ಮಾತು. ಒಳಗೆ ಕೆಳಗಡೆ ಮುಚ್ಚಳ ಹಾಕಿದ ಒಂದು ಸ್ಟೀಲ್ ಡಬ್ಬಿ ಇದೆ. ಅದನ್ನಂತೂ ಯಾರೂ ಕೇಳಲೇಬೇಡಿ. ಯಾಕೆ ಅಂತ ನಾನು ಹೇಳಲ್ಲ."

ಹದಿಮೂರು ಕತ್ತುಗಳು ಒಟ್ಟಿಗೆ ಅಂಗಡಿಯತ್ತ ನೀಳವಾದವು. ಒರ್ನೆಲ್ಲಾ ಗಾಬರಿಯಿಂದ ಏಪ್ರನ್ ಕೆಳಗಿಳಿಸಿದಳು.

ಏಳು ಗಂಟೆಗೆ ಲ್ಯಾಪೊ ಕೂಲಿ ಪಡೆಯಲು ಹೋದಾಗ ಓಣಿಯಲ್ಲಿ ಇನ್ನೂ ಬಿಸಿಲಿತ್ತು. ಜನ ಈಗಷ್ಟೇ ಚದುರಿದ್ದರು. ಕೂದಲು ಕೆದರಿ ಉಸ್ಸೆನ್ನುತ್ತ ನಿಂತಿದ್ದ ಒರ್ನೆಲ್ಲಾ ಸ್ಟೀಲ್ ಡಬ್ಬಿಯನ್ನು ಎತ್ತಿ, ಅವನ ಮೂಗಿನ ಕೆಳಗೆ ಬೋರಲು ಮಾಡಿದಳು. ಒಂದು ಹನಿಯೂ ಬೀಳಲಿಲ್ಲ.

"ನಿಮ್ಮ ಹದಿಮೂರು ಜನ, ಅವರ ಮನೆಯವ್ರು, ಹೋಟೆಲಲ್ಲಿ ಸಿಕ್ಕಿದವ್ರು, ಎಲ್ಲಾ ಸೇರಿ ಕೆರೆದು ತಿಂದ್ರು. ನಮ್ಮಮ್ಮನ ಪಾಲೂ ಉಳೀಲಿಲ್ಲ" ಎಂದು ಒರ್ನೆಲ್ಲಾ ಚಮಚ ಕೈಗೆತ್ತಿಕೊಂಡಳು. "ನೀಲಿ ಬೇಕಾದಷ್ಟಿದೆ. ಹಾಕ್ಲಾ?"