ರೆಕ್ಕೆಯ ಹಾವು

ಮದುವೆಯಾಗಿ ಬಂದಾಗ ಸೊಸೆ ತಂದಿದ್ದ ಕಾದಂಬರಿಗಳನ್ನೆಲ್ಲ ಅತ್ತೆ ಬಚ್ಚಲೊಲೆಗೆ ಹಾಕಿದ್ದಳು. ಈಗ ಕಣ್ಣಿನ ಪೊರೆ ತೆಗೆಸಿಕೊಂಡು ಮಲಗಿದ್ದ ಅದೇ ಅತ್ತೆಗೆ ದಿನಾ ಕಾದಂಬರಿ ಓದಿ ಹೇಳುತ್ತಿದ್ದವಳು ಅವಳೇ.

“ಹೋದ ವಾರದ ಪ್ರೇಮಕಥೆ ಚೆನ್ನಾಗಿತ್ತು. ಆದ್ರೆ ಮದುವೆ ದಿನವೇ ಹುಡುಗನ ತಾಯಿ ಜಾರಿಬಿದ್ದು ಸಾಯಬೇಕಿತ್ತಾ?”

“ಬರೆದೋರು ಹಾಗೆ ಬರೆದಿದಾರೆ ಅತ್ತೆ, ನಾನೇನು ಮಾಡ್ಲಿ?”

“ಈ ಮಾಯಾಲೋಕದ ಕಥೇಲೂ ರೆಕ್ಕೆಯ ಹಾವು ರಾಜಕುಮಾರಿಯ ಅತ್ತೇನೇ ನುಂಗಬೇಕಾ?”

“ಹಸಿವಾಗಿತ್ತೇನೋ.” ಸೊಸೆ ಪುಟ ತಿರುವಿದಳು.

ಅತ್ತೆ ದಿಂಬಿನ ಕೆಳಗಿಂದ ಹೊಸ ಕನ್ನಡಕ ತೆಗೆದು ಹಾಕಿಕೊಂಡಳು.

“ಬೆಳಿಗ್ಗೆ ಮಗ ತಂದ್ಕೊಟ್ಟ. ತಾ ಇಲ್ಲಿ.”

ಪುಸ್ತಕ ಕಿತ್ತುಕೊಂಡು ಪುಟದ ಮೇಲೆ ಬೆರಳಾಡಿಸಿದಳು. “ಇದರಲ್ಲಿ ಅತ್ತೆಯೇ ಇಲ್ವಲ್ಲೇ! ಇರಲಿ, ಇನ್ಮೇಲೆ ನಾನು ಓದ್ತೀನಿ, ನೀನು ಕೇಳು.”

ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಶುರುಮಾಡಿದಳು:

“ಆಗ ಹಾವು ಅತ್ತೆಯನ್ನು ಉಗುಳಿ, ಸೊಸೆಯನ್ನು ನುಂಗಿತು.”