ರಾದಿಶಾನ ಜೋಪಾನ

“ಅವನೇ ಜೋಪಾನವಾಗಿರ್ತಾನೆ ಅಂತೀಯಲ್ಲ, ಮತ್ತೆ ಇದ್ಯಾಕೆ ಬೇಕಾಯ್ತು ನಿಂಗೆ?” ಬಸುರಿನ ಪರೀಕ್ಷೆಯ ಪೊಟ್ಟಣವನ್ನು ಮುಂದೆ ತಳ್ಳುತ್ತಾ ಔಷಧದಂಗಡಿಯ ಕೋವಿಲ್ಕಾ ಕೇಳಿದಳು.

ಒಲಿವೆರಾ ತಲೆ ತಗ್ಗಿಸಿದಳು. ಸರ್ಬಿಯಾದ ಆ ಊರಿನ ಹೆಂಗಸರೆಲ್ಲ ಹೇಳುವುದು ಅದೊಂದೇ ಮಾತು: ನಮ್ಮವನು ಜೋಪಾನವಾಗಿರ್ತಾನೆ. ಅಂದರೆ ಗಂಡ ಏನೂ ಹಾಕಿಕೊಳ್ಳುವುದಿಲ್ಲ, ಹೆಂಡತಿ ಏನೂ ನುಂಗುವುದಿಲ್ಲ. ಹೊತ್ತು ನೋಡಿ ಗಂಡ ಹಿಂದೆ ಸರಿಯುತ್ತಾನೆ, ಅಷ್ಟೆ.

“ಒಂಬತ್ತು ದಿನ ಮೀರಿದೆ ಅಕ್ಕಾ. ಫೆಬ್ರವರಿ ಒಂದಕ್ಕೆ ನಾನು ಊರಿನ ಬಸ್ಸು ಓಡಿಸಬೇಕು. ಎರಡು ವರ್ಷ ಕಾದು ಸಿಕ್ಕಿದ ಕೆಲಸ. ಹೊಟ್ಟೆ ಬಂತು ಅಂದ್ರೆ ಆ ಸೀಟಲ್ಲಿ ಬೇರೆಯವರು ಕೂತಿರ್ತಾರೆ.”

“ಹಿಂದುಗಡೆ ಶೌಚಾಲಯ ಇದೆ, ಹೋಗು. ಇಲ್ಲೇ ನೋಡಿಬಿಡು.”

ಅವಳು ಒಳಗೆ ಹೋಗುವುದಕ್ಕೂ ಅವಳ ಗಂಡ ರಾದಿಶಾ ಬೂಟಿನ ಹಿಮ ಕೊಡವುತ್ತಾ ಬರುವುದಕ್ಕೂ ಸರಿಹೋಯಿತು. “ಇವಳಿಗೆ ಸುಮ್ಮನೆ ಗಾಬರಿ. ಹದಿನಾಲ್ಕು ವರ್ಷದಿಂದ ಜೋಪಾನವಾಗಿದ್ದೀನಿ ನಾನು!”

“ಹೌದಾ? ಮಕ್ಕಳೆಷ್ಟಪ್ಪಾ?”

“ಮೂರು. ಮೂವರ ಹುಟ್ಟುಹಬ್ಬವೂ ಸೆಪ್ಟೆಂಬರ್ ಎರಡನೇ ವಾರದಲ್ಲೇ. ಎಲ್ಲರಿಗೂ ಸೇರಿ ಒಂದೇ ಕೇಕು!” ರಾದಿಶಾ ಎದೆಯುಬ್ಬಿಸಿದ.

ಕೋವಿಲ್ಕಾ ಬೆರಳು ಮಡಚುತ್ತಾ ಒಂಬತ್ತು ತಿಂಗಳು ಹಿಂದಕ್ಕೆ ಎಣಿಸಿದಳು. “ನಿಮ್ಮ ಮನೆತನ ಕಾಯೋ ಸಂತ ಯಾರು?”

“ಸಂತ ನಿಕೋಲ. ಡಿಸೆಂಬರ್ ಹತ್ತೊಂಬತ್ತಕ್ಕೆ ಹಬ್ಬ…” ಎಂದವನ ಬಾಯಿ ಅರ್ಧಕ್ಕೇ ನಿಂತಿತು.

“ಕ್ರಿಸ್ಮಸ್ ಮುಂಚಿನ ಉಪವಾಸದಲ್ಲಿ ಬರೋ ಹಬ್ಬ ಅಲ್ವೇನಯ್ಯಾ ಅದು? ಮಾಂಸ ಮುಟ್ಟೋ ಹಾಗಿಲ್ಲ, ಹಾಲು ಮುಟ್ಟೋ ಹಾಗಿಲ್ಲ. ಹೆಂಡ್ತೀನ ಮಾತ್ರ ಮುಟ್ಟಬಹುದೋ?”

“ನೆಂಟರು ಬಂದಿರ್ತಾರೆ. ಅವ್ರ ಜೊತೆ ರಾಕಿಯಾ ಸಾರಾಯಿ ಒಂದೆರಡು ಲೋಟ ಹೆಚ್ಚಾಗತ್ತೆ…”

“ಅಂದ್ರೆ ಮುನ್ನೂರ ಅರವತ್ನಾಲ್ಕು ದಿನ ಜೋಪಾನ. ಒಂದು ದಿನ ರಜ! ಒಂದು ಕಾಂಡೋಮ್ ಹಾಕ್ಕೊಂಡ್ರೆ ನಿನ್ನ ಗಂಟೇನು ಹೋಗತ್ತೆ?”

“ಅದನ್ನ ನಂಬೋಕಾಗಲ್ಲ. ಹರಿದುಹೋಗತ್ತೆ. ಆದ್ರೂ ಇರಲಿ ಅಂತ ಒಂದು ಇಟ್ಕೊಂಡಿದ್ದೀನಿ.” ಪರ್ಸಿನ ಮೂಲೆಯಿಂದ ಅವನು ತೆಗೆದ ಪೊಟ್ಟಣ ನಾಣ್ಯಗಳ ಅಚ್ಚು ಬಿದ್ದು ಚಪ್ಪಟೆಯಾಗಿತ್ತು. ಕೋವಿಲ್ಕಾ ಕನ್ನಡಕ ಏರಿಸಿಕೊಂಡು ತಾರೀಕು ಓದಿದಳು. ಅವಧಿ ಮುಗಿದು ಹನ್ನೊಂದು ವರ್ಷವಾಗಿತ್ತು. ಎರಡು ಬೆರಳಲ್ಲಿ ಹಿಡಿದು ಅದನ್ನು ಕಸದ ಬುಟ್ಟಿಗೆ ಹಾಕಿದಳು.

“ಕೇಳು. ಕಾಂಡೋಮನ್ನ ಪ್ರತಿಸಲ ಸರಿಯಾಗಿ ಹಾಕ್ಕೊಂಡ್ರೆ ವರ್ಷಕ್ಕೆ ನೂರು ಹೆಂಗಸರಲ್ಲಿ ಇಬ್ಬರು ಬಸುರಿಯಾಗ್ತಾರೆ. ನಿಮ್ಮಂಥ ಗಂಡಸರು ಹಾಕ್ಕೊಳ್ಳೋ ಹಾಗೆ ಹಾಕ್ಕೊಂಡ್ರೆ ಹದಿಮೂರು ಜನ. ಬರೀ ನಿನ್ನ ಈ ಜೋಪಾನ ನಂಬ್ಕೊಂಡ್ರೆ ಇಪ್ಪತ್ತು ಜನ.”

“ಆ ಇಪ್ಪತ್ತರಲ್ಲಿ ನಾನಿಲ್ಲ ಬಿಡಕ್ಕಾ.”

“ನೀನೆಲ್ಲಿರ್ತೀಯಪ್ಪಾ! ಇರೋಳು ಅವಳು.”

ಹಿಂದಿನ ಬಾಗಿಲು ತೆರೆಯಿತು. ಒಲಿವೆರಾ ಗೋಡೆಗೆ ಒರಗಿ ಪಟ್ಟಿಯನ್ನು ಎತ್ತಿ ಹಿಡಿದಳು. “ಒಂದೇ ಗೆರೆ. ಏನಿಲ್ಲ ಅಕ್ಕಾ. ಏನೂ ಇಲ್ಲ.”

“ನೋಡಿದ್ರಾ!” ರಾದಿಶಾ ಮೇಜು ಗುದ್ದಿದ. “ಈ ಸಲ ಹಬ್ಬದಲ್ಲೂ ನಾನು ಜೋಪಾನವಾಗೇ ಇದ್ದೆ!”

“ಈ ಸಲ ಹಬ್ಬದಲ್ಲಿ ನೀನು ಬೂಟೂ ಬಿಚ್ಚದೆ ಸೋಫಾ ಮೇಲೆ ಗೊರಕೆ ಹೊಡೀತಿದ್ದೆ,” ಎಂದ ಒಲಿವೆರಾ ಕೋವಿಲ್ಕಾಳ ಕಡೆ ತಿರುಗಿದಳು. “ಕಾಪರ್-ಟಿ ಹಾಕೋ ಡಾಕ್ಟರು ಯಾವತ್ತು ಬರ್ತಾರೆ?”

“ಗುರುವಾರ. ಮೊದಲು ಇನ್ನೊಂದ್ಸಲ ಪರೀಕ್ಷೆ ಮಾಡಿಯೇ ಹಾಕ್ತಾರೆ. ಅದ್ರಲ್ಲಿ ನೂರಕ್ಕೆ ಒಬ್ಬಳೂ ಬಸುರಿಯಾಗೋದು ಕಷ್ಟ.”

“ಹಾಗಾದ್ರೆ ನಾನ್ಯಾಕಿರೋದು?” ರಾದಿಶಾ ಮುಖ ಊದಿಸಿದ.

“ಕೇಕು ತರೋಕೆ,” ಎಂದ ಒಲಿವೆರಾ ಅವನ ಕೈಯಿಂದ ಕಾರಿನ ಕೀಲಿ ಕಿತ್ತುಕೊಂಡು ಹೊರಟಳು.

ಕೋವಿಲ್ಕಾ ಕಿಟಕಿಯಿಂದ ನೋಡುತ್ತಿದ್ದಳು. ಸೀಟ್ ಬೆಲ್ಟು ಹಾಕಿಲ್ಲವೆಂದು ಕಾರು ಕಿರುಚದಿರಲೆಂದು ರಾದಿಶಾ ಅದರ ಕೊಂಡಿಯನ್ನು ಯಾವಾಗಲೂ ಸಿಕ್ಕಿಸಿಯೇ ಇಟ್ಟು, ಬೆಲ್ಟಿನ ಮೇಲೆ ಕೂರುವವನು. ಇವತ್ತೂ ಪಕ್ಕದ ಸೀಟಿನಲ್ಲಿ ಹಾಗೆಯೇ ಕುಳಿತ. ಸ್ಟೀರಿಂಗ್ ಹಿಡಿದಿದ್ದ ಒಲಿವೆರಾ ಕೈ ಚಾಚಿ ಅವನ ಕೊಂಡಿಯನ್ನು ಬಿಚ್ಚಿದಳು. ಕಾರು ಕಿರುಚತೊಡಗಿತು. ಅವಳು ಗೇರು ಮುಟ್ಟಲಿಲ್ಲ. ಕಿರುಚಾಟ ನಡೆದೇ ಇತ್ತು. ಬಹಳ ಹೊತ್ತಾದ ಮೇಲೆ ರಾದಿಶಾ ಬೆಲ್ಟನ್ನು ಎದೆಯ ಮೇಲೆ ಎಳೆದು ಸಿಕ್ಕಿಸಿದ. ಕಿರುಚಾಟ ನಿಂತಿತು, ಕಾರು ಹೊರಟಿತು.