ಕಣದ ಕ್ಯಾಮೆರಾ

ಈ ಸಲವೂ ಲಾಗಿನ್ ಆಗಲಿಲ್ಲ. ಆಲೂರಿನ ಬಸ್ ನಿಲ್ದಾಣದಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದ ಮಧುಶ್ರೀಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಂಟಿ ಆನೆಯೊಂದು ತಮ್ಮೂರು ಬೆಳಗೋಡಿನ ಕಡೆ ಇಳಿದಿದೆಯೆಂದು ಊರಿನವರ ಗ್ರೂಪಿನಲ್ಲಿ ಮೆಸೇಜ್ ಬಂದಿತ್ತು. ಮನೆಯ ಸುತ್ತಲಿನ ಕ್ಯಾಮೆರಾಗಳನ್ನು ನೋಡಬೇಕೆಂದರೆ ಅವಳೇ ಮನೆಯಲ್ಲಿ ಕೂರಿಸಿದ್ದ ಸರ್ವರ್ ಅವಳನ್ನು ಒಳಗೆ ಬಿಡುತ್ತಿಲ್ಲ. ಮನೆಯಲ್ಲಿದ್ದವರು ಅತ್ತೆ ಸರೋಜಮ್ಮ ಒಬ್ಬರೇ.

"ಕರೆಂಟ್ ಹೋಗಿತ್ತಾ ಅತ್ತೆ?" ಎಂದು ಫೋನಿನಲ್ಲಿ ಕೇಳಿದಳು.

"ಈಗಷ್ಟೇ ಬಂತು ಕಣವ್ವ. ಮೋಡ ಆಗೈತೆ, ಕಣದಲ್ಲಿ ಹರಡಿರೋ ಕಾಫಿ ಬಾಚ್ಬೇಕು."

ಹಾಗಾದರೆ ಕರೆಂಟ್ ಹೋಗಿ ಬಂದಾಗ ಸರ್ವರ್‌ಗೆ ನೆಟ್‌ವರ್ಕ್‌ನಲ್ಲಿ ಹೊಸ ನಂಬರ್ ಬಿದ್ದಿದೆ, ರೂಟರ್ ತನ್ನನ್ನು ಇನ್ನೂ ಹಳೆಯ ನಂಬರಿಗೇ ಕಳಿಸುತ್ತಿದೆ ಎಂದು ಅವಳಿಗೆ ಹೊಳೆಯಿತು. "ಹೊರಗೆ ಹೋಗ್ಬ್ಯಾಡಿ, ಆನೆ ಬಂದೈತಂತೆ. ಸರ್ವರ್ ಪಕ್ಕದ ಮಾನಿಟರ್‌ನಲ್ಲಿ ಕೊನೇ ನಂಬರ್ ಏನೈತೆ, ಓದಿ."

"ನಿಮ್ಮ ಗ್ರೂಪಲ್ಲಿ ಆನೆ ದಿನಾ ಬತ್ತೈತೆ. ಅದನ್ನ ನಂಬ್ಕೊಂಡು ಕೂತ್ರೆ ಕಾಫಿ ನೆಂದೋಯ್ತೈತೆ," ಎಂದು ಗೊಣಗುತ್ತಲೇ ಸರೋಜಮ್ಮ ಓದಿದರು. "ನಲವತ್ತೇಳು. ಆಯ್ತಾ? ನಾ ಹೋಗ್ತೀನಿ."

ಮಧುಶ್ರೀ ಅವಸರದಲ್ಲಿ ಲ್ಯಾಪ್‌ಟಾಪಿನಲ್ಲೇ ರೂಟರ್‌ನ ಪುಟ ತೆರೆದು ಹಳೆಯ ನಂಬರ್ ಬದಲಿಸಿ ಮತ್ತೆ ಲಾಗಿನ್ ಒತ್ತಿದಳು. ಪರದೆಯ ಮೇಲೆ ಮನೆ ಮುಂದಿನ ಕಣ ಮೂಡಿತು. ಹರಡಿದ ಕಾಫಿಯ ನಡುವೆ, ಮನೆಯ ಬಾಗಿಲಿಗೆ ಬೆನ್ನು ಮಾಡಿ, ಆನೆ ನಿಂತಿತ್ತು. ಅದೇ ಹೊತ್ತಿಗೆ ಫೋನಿನಲ್ಲಿ ಚಿಲಕ ಸರಿಸಿದ ಸದ್ದು ಕೇಳಿತು.

"ಅತ್ತೆ, ಬಾಗ್ಲು ತೆಗೀಬ್ಯಾಡಿ! ಕಣದಲ್ಲೇ ನಿಂತೈತೆ!"

ಆಮೇಲೆ ಚಿಲಕ ಮೆಲ್ಲಗೆ ಮರಳಿ ಬಿತ್ತು.

"ಫೋನ್ ಇಡ್ಬ್ಯಾಡ ಕಣವ್ವ," ಸರೋಜಮ್ಮ ಪಿಸುಗುಟ್ಟಿದರು. "ಅದು ಹೋಗೋಗಂಟ ನೋಡ್ತಾ ಇರು."